ವಿಜ್ಞಾನ ಶಿಕ್ಷಕರ ಸೇವಾನಿರತ ತರಬೇತಿ, ಪ್ರಾಥಮಿಕ (ಬೈಂದೂರು–ಕುಂದಾಪುರ ಸೀಮೆ)

ನೇಮಕವಾದ ಮೇಲೂ ಶಿಕ್ಷಕರ ವಿಷಯಜ್ಞಾನ ಮತ್ತು ಪಾಠ ಹೇಳುವ ಕೌಶಲ ಬೆಳೆಯಲೆಂದು ನಡೆಸುವ ಶಿಕ್ಷಣ. ಬೈಂದೂರಿಗೆ ಅಂಟಿಕೊಂಡಿರುವ ಯಡ್ತರೆಯಂಥ ಊರುಗಳ ಮಟ್ಟಿಗೆ ಇದರ ಚರಿತ್ರೆ ಎಂದರೆ ತರಬೇತಿಯು ಶಾಲೆಯ ಹತ್ತಿರಕ್ಕೆ ಬಂದ ಕಥೆ. 1997ರಲ್ಲಿ ಉಡುಪಿ ಜಿಲ್ಲೆಯಾಗುವವರೆಗೆ ಜಿಲ್ಲಾ ಕೇಂದ್ರ ಮಂಗಳೂರು. ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಎರಡು ಬದಲಾವಣೆ ತಂದಿತು. ಶಿಕ್ಷಕರ ತರಬೇತಿಗೆಂದೇ ಜಿಲ್ಲೆಗೊಂದು ಸಂಸ್ಥೆ, ಅಂದರೆ ಡಯಟ್, ರೂಪುಗೊಂಡಿತು. 'ಆಪರೇಷನ್ ಬ್ಲ್ಯಾಕ್‌ಬೋರ್ಡ್' ಯೋಜನೆಯಲ್ಲಿ ಶಾಲೆಗಳಿಗೆ ವಿಜ್ಞಾನ ಕಿಟ್ ಬಂತು. ಒಡೆದರೆ ದಾಸ್ತಾನು ಪುಸ್ತಕಕ್ಕೆ ಉತ್ತರ ಹೇಳಬೇಕೆಂಬ ಅಳುಕಿನಿಂದ ಅನೇಕ ಕಡೆ ಆ ಕಿಟ್ ಕಪಾಟಿನಲ್ಲೇ ಉಳಿಯಿತು. ಸಾಮಗ್ರಿ ಕೊಟ್ಟಷ್ಟು ಮುತುವರ್ಜಿಯಿಂದ ಅದನ್ನು ಬಳಸುವ ಧೈರ್ಯವನ್ನು ಕೊಡಲಿಲ್ಲ.

1990ರ ದಶಕದಲ್ಲಿ ಡಿ.ಪಿ.ಇ.ಪಿ. (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಯೋಜನೆ ರಾಜ್ಯಕ್ಕೆ ಬಂದಾಗ ಸ್ತ್ರೀ ಸಾಕ್ಷರತೆಯಲ್ಲಿ ಹಿಂದುಳಿದ ಜಿಲ್ಲೆಗಳಿಗೆ ಆದ್ಯತೆ ಸಿಕ್ಕಿತು. ಓದುಬರಹದಲ್ಲಿ ಮುಂದಿದ್ದ ಕರಾವಳಿ ಹೊರಗುಳಿಯಿತು. ಹಾಗಾಗಿ ಆ ಯೋಜನೆಯ ಬ್ಲಾಕ್ ಸಂಪನ್ಮೂಲ ಕೇಂದ್ರ, ಕ್ಲಸ್ಟರ್ (ಹತ್ತಿರದ ಶಾಲೆಗಳ ಗುಂಪು) ಎಂಬ ಏರ್ಪಾಡು ಇಲ್ಲಿ ನೆಲೆಯೂರಿದ್ದು 2001ರ ನಂತರ, ಸರ್ವ ಶಿಕ್ಷಾ ಅಭಿಯಾನದೊಂದಿಗೆ. ಬೈಂದೂರು ತಾಲೂಕಾದದ್ದು 2018ರಲ್ಲಿ; ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಾತ್ರ ಅದು ಆ ಮೊದಲೇ ಕುಂದಾಪುರದಿಂದ ಬೇರೆಯಾದ ವಲಯ.

ಕ್ಲಸ್ಟರಿನ ಸಮಾಲೋಚನಾ ಸಭೆಯೇ ಈ ಚರಿತ್ರೆಯ ಮುಖ್ಯ ಘಟ್ಟ. ರಾಜ್ಯದಿಂದ ಜಿಲ್ಲೆಗೆ, ಜಿಲ್ಲೆಯಿಂದ ಬ್ಲಾಕಿಗೆ ಇಳಿದು ಬರುವ ತರಬೇತಿಯಲ್ಲಿ ಪ್ರಯೋಗ ಮೊದಲು ಸವೆದು, ಉಪನ್ಯಾಸವಷ್ಟೇ ಕೊನೆಗೆ ಉಳಿಯುವ ಅಪಾಯವಿದೆ. ಸುತ್ತಲಿನ ಶಾಲೆಗಳ ಶಿಕ್ಷಕರೇ ಕೂಡಿದಾಗ ಹಾಗಾಗಬೇಕಿಲ್ಲ. ಮಧ್ಯಪ್ರದೇಶದ ಹೊಶಂಗಾಬಾದ್ ವಿಜ್ಞಾನ ಶಿಕ್ಷಣ ಕಾರ್ಯಕ್ರಮ (1972–2002) ಮಾಸಿಕ ಸಭೆಗಳಿಂದಲೇ ಶಿಕ್ಷಕರ ಬಲ ಕಟ್ಟಿತ್ತು. ಇಲ್ಲಿಯ ಸಭೆಗೂ ವಿಷಯಗಳಿವೆ. ಬೇಸಿಗೆಯಲ್ಲಿ ಬಾವಿಗೆ ಉಪ್ಪುನೀರು ನುಗ್ಗುವುದೇಕೆ, ಮಳೆನೀರು ಮುರಕಲ್ಲಿನಲ್ಲಿ ಇಂಗುವುದು ಹೇಗೆ, ಅಳಿವೆಯಲ್ಲಿ ಭರತ-ಇಳಿತದ ಹೊತ್ತು ದಿನವೂ ಸರಿಯುವುದೇಕೆ: ಈ ಪ್ರಶ್ನೆಗಳಿಗೆ ಕಿಟ್ ಬೇಕಿಲ್ಲ, ಜೊತೆಗೆ ಕೂತು ಮಾಡಿನೋಡುವವರು ಬೇಕು. ಕನ್ನಡದಲ್ಲಿ ಓದಲು 1978ರಿಂದ 'ಬಾಲವಿಜ್ಞಾನ' ಮಾಸಪತ್ರಿಕೆಯಿತ್ತು. ಅದಕ್ಕೂ ಮುಂಚೆ, 1930ರ ದಶಕದಲ್ಲೇ, ಕೋಟದವರಾದ ಶಿವರಾಮ ಕಾರಂತರು ಮಕ್ಕಳ ವಿಶ್ವಕೋಶ 'ಬಾಲಪ್ರಪಂಚ' ರಚಿಸಿದ್ದರು.

ಶಿಕ್ಷಕರು ತಮಗೆ ಬೇಕಾದ ವಿಷಯವನ್ನು ತಾವೇ ಆರಿಸಿಕೊಳ್ಳುವ 'ಗುರುಚೇತನ' ಕಾರ್ಯಕ್ರಮ 2017ರ ಸುಮಾರಿಗೆ ಬಂತು. ಕೋವಿಡ್ ಕಾಲದಲ್ಲಿ ಕೇಂದ್ರ ಸರ್ಕಾರದ 'ನಿಷ್ಠಾ' ತರಬೇತಿ ದೀಕ್ಷಾ ಆ್ಯಪ್ ಮೂಲಕ ಮೊಬೈಲಿಗೆ ಇಳಿಯಿತು. ದೂರದ ಶಾಲೆಯ ಶಿಕ್ಷಕರಿಗೆ ಪ್ರಯಾಣ ಉಳಿಯಿತು, ಕೈಯಾರೆ ಮಾಡುವ ಪ್ರಯೋಗ ಹಿಂದೆ ಬಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಬೆಳವಣಿಗೆಯನ್ನು ನಿಗದಿಪಡಿಸಿದೆ. ಆ ಗಂಟೆಗಳಲ್ಲಿ ದೊಡ್ಡ ಪಾಲು ಕ್ಲಸ್ಟರ್ ಸಭೆಗೇ ಸಲ್ಲಬೇಕು.