ನೆರೆಹೊರೆಯ ಧರ್ಮ

ದಕ್ಷಿಣ ಆಫ್ರಿಕದ ಕೇಪ್‌ಟೌನ್ ನಗರದ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಕೇರಿಯಲ್ಲಿ ಆಫ್ರಿಕನ್ನರು, ಮಿಶ್ರವರ್ಣೀಯರು, ಮಲಯರು, ಭಾರತೀಯರು ಗೋಡೆಗೆ ಗೋಡೆ ತಾಗಿಸಿ ಬಾಳಿದ್ದರು. ಬಣ್ಣಕ್ಕೊಂದು ಬಡಾವಣೆಯೆಂಬ 1950ರ ಕಾಯಿದೆಯನ್ವಯ ಸರಕಾರವು 1966ರಲ್ಲಿ ಅದನ್ನು ಬಿಳಿಯರಿಗೆ ಮೀಸಲಿಟ್ಟಿತು. ಸುಮಾರು 60,000 ಜನರನ್ನು ಒಕ್ಕಲೆಬ್ಬಿಸಿ, ಬಣ್ಣ ನೋಡಿ, ದೂರದ ಬೇರೆ ಬೇರೆ ಬಡಾವಣೆಗಳಿಗೆ ಅಟ್ಟಿತು. ಮನೆಗಳನ್ನು ಕೆಡವಿದವರು ಚರ್ಚು, ಮಸೀದಿಗಳನ್ನು ಉಳಿಸಿದರು. ಸ್ಥಾವರಕ್ಕೆ ಮರ್ಯಾದೆ, ಜಂಗಮಕ್ಕೆ ಬಹಿಷ್ಕಾರ! ಇದು ಧರ್ಮವೆನಿಸೀತೆ?

1991ರಲ್ಲಿ ಕಾಯಿದೆ ರದ್ದಾಯಿತು. 1994ರಲ್ಲಿ ಅಲ್ಲಿಯ ಹಳೆಯ ಚರ್ಚೊಂದರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು. ನೆಲಕ್ಕೆ ಹಾಸಿದ ಕೇರಿಯ ನಕ್ಷೆಯ ಮೇಲೆ ಹಿಂದಿನ ನಿವಾಸಿಗಳು ತಮ್ಮ ಮನೆಯಿದ್ದ ಠಾವಿನಲ್ಲಿ ಹೆಸರು ಬರೆದರು. ಬೇರ್ಪಟ್ಟವರು ಹೆಸರಾಗಿ ಮತ್ತೆ ನೆರೆಯವರಾದರು.

ನಾವು ಹೇಳುವುದಿಷ್ಟೆ: ಯಾರಿಗೆ ಮನೆ ಬಾಡಿಗೆಗೆ ಕೊಡಲು ನಿಮ್ಮ ಮನಸ್ಸು ಹಿಂಜರಿಯುವುದೋ, ಅವರನ್ನೇ ಮೊದಲು ಪ್ರಸಾದಕ್ಕೆ ಕರೆಯಿರಿ. ದಾಸೋಹ ಅಲ್ಲಿಂದ ಆರಂಭವಾಗಲಿ.