ಕ್ಯಾಲೆಂಡರ್ ಲಕ್ಷ್ಮಿಯ ವೇಷ ಹಾಕಿದ ಪುಷ್ಪಮಾಲಾ

ಬಿ.ಕಾಂ. ಮುಗಿದ ವರ್ಷ ನಾನು ಬೆಟಗೇರಿಯ ಒಂದು ಸೀರೆ ಅಂಗಡಿಯಲ್ಲಿ ಲೆಕ್ಕ ಬರೀತಿದ್ದೆ. ದೀಪಾವಳಿ ಪೂಜೆಗೆ ಕೀರ್ದಿ ಪುಸ್ತಕದ ಪಕ್ಕ ಲಕ್ಷ್ಮಿ ಫೋಟೋ ಇಡೋದು ನನ್ನ ಕೆಲಸ. ಕಮಲದ ಮೇಲೆ ನಿಂತವಳು, ಜರಿ ಸೀರೆ, ರವಿಕೆ. ದೇವಿ ಅಂದ್ರ ಮೊದಲಿಂದ ಹಿಂಗೇ ಅಂತ ನಂಬಿದ್ದೆ.

ಆಮೇಲೊಮ್ಮೆ ಗದಗಿನ ತ್ರಿಕೂಟೇಶ್ವರ ಗುಡಿಗೆ ಹೋದೆ. ಅದೇ ಆವರಣದಲ್ಲಿ ಸರಸ್ವತಿ ಗುಡಿ ಇದೆ, ಕಲ್ಯಾಣ ಚಾಲುಕ್ಯರ ಕಾಲದ್ದು. ಮೂರ್ತಿ ಭಗ್ನವಾಗಿದೆ. ಆದರೂ ಪದ್ಮಾಸನ ಹಾಕಿ ಕೂತ ಆ ಮೈಯಿಂದ ಕಣ್ಣು ಕೀಳೋಕೆ ಆಗಲ್ಲ. ಹಾರಗಳ ಕುಸುರಿ ಕೆಲಸ ಒಂದೊಂದೂ ಎಣಿಸೋ ಹಂಗದ. ರವಿಕೆ ಮಾತ್ರ ಇಲ್ಲ. ಶಿಲ್ಪಿಗೆ ಅದು ಮುಜುಗರದ ವಿಷಯವೇ ಆಗಿರಲಿಲ್ಲ ಅನ್ನಿಸುತ್ತೆ.

ಹಾಗಾದ್ರೆ ಅಂಗಡಿಯ ಲಕ್ಷ್ಮಿ ಎಲ್ಲಿಯವಳು? ಬಹುಮಟ್ಟಿಗೆ ರಾಜಾ ರವಿವರ್ಮನ ಕಡೆಯವಳು. ಯುರೋಪಿನ ತೈಲವರ್ಣದ ರೀತಿಯಲ್ಲಿ ದೇವಿಯರನ್ನು ಸೀರೆ ಉಟ್ಟ ಗೃಹಿಣಿಯರಂತೆ ಬರೆದ ಕಲಾವಿದ. 1894ರಲ್ಲಿ ಮುಂಬಯಿಯಲ್ಲಿ ಅವನ ಪ್ರೆಸ್ ಶುರುವಾಯ್ತು, ಕಲ್ಲಚ್ಚಿನ ಬಣ್ಣದ ಚಿತ್ರಗಳು ಮನೆಮನೆಯ ಗೋಡೆ ಏರಿದವು. ಅಚ್ಚಿನ ತಾಕತ್ತು ಏನಂತ ಮುದ್ರಣ ಕಾಶಿ ಅನ್ನಿಸಿಕೊಂಡ ಗದಗಿನವರಿಗೆ ಹೇಳಬೇಕಾ! ಇವತ್ತು ಹುಡುಗಿಯೊಬ್ಬಳ ರೀಲ್ ನೋಡಿ "ಇದು ನಮ್ಮ ಸಂಸ್ಕೃತಿ ಅಲ್ಲ" ಅನ್ನೋರ ತಲೆಯಲ್ಲಿರೋದು ಆ ಪ್ರೆಸ್ಸಿನ ಚಿತ್ರ, ನಮ್ಮೂರ ಕಲ್ಲಿನ ಮೂರ್ತಿ ಅಲ್ಲ.

ಈ ಗಂಟನ್ನು ಬಿಚ್ಚಿದವರು ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡಾದಲ್ಲಿ ಶಿಲ್ಪಕಲೆ ಕಲಿತವರು, ಆಮೇಲೆ ತಮ್ಮ ಮೈಯನ್ನೇ ಮಾಧ್ಯಮ ಮಾಡಿಕೊಂಡರು. ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ ಅನ್ನೋ ಸರಣಿ ಮಾಡಿದರು. ಪರದೆ ಕಟ್ಟಿ, ಒಡವೆ ಹಾಕಿ, ರವಿವರ್ಮನ ಲಕ್ಷ್ಮಿಯಾಗಿ ತಾವೇ ನಿಂತರು. ಬಿಜಾಪುರ ಶೈಲಿಯ ಹಳೇ ಚಿತ್ರದ ಯೋಗಿನಿಯೂ ಆದರು. ಮೊದಲ ಸಲ ನೋಡಿದಾಗ ನನಗೆ ನಗು ಬಂತು, ಸುಳ್ಳು ಯಾಕೆ ಹೇಳ್ಲಿ. ದೇವಿಯ ಜಾಗದಲ್ಲಿ ನಮ್ಮ ಓಣಿಯ ಅಕ್ಕನಂಥ ಮುಖ! ಆ ವೇಷದಲ್ಲಿ ಅಲ್ಲಾಡದೆ ನಿಲ್ಲೋದು ಎಷ್ಟು ಕಷ್ಟ ಅಂತ ಆಮೇಲೆ ಹೊಳೀತು.

ಆದರೆ ಇನ್ನೊಂದು ಫೋಟೋಗೆ ನಗೋಕಾಗಲಿಲ್ಲ. ಅದರಲ್ಲಿ ಅವರ ಹಿಂದೆ ಚೌಕಳಿ ಬಟ್ಟೆ. 19ನೇ ಶತಮಾನದಲ್ಲಿ ಬ್ರಿಟಿಷರು ‘ನೇಟಿವ್’ ಜನರನ್ನು ಇಂಥ ಬಟ್ಟೆಯ ಮುಂದೆ ನಿಲ್ಲಿಸಿ, ಫೋಟೋ ತೆಗೆದು, ಚೌಕ ಎಣಿಸಿ ಮೈಯ ಅಳತೆ ಬರ್ಕೋತಿದ್ದರು. ಒಪ್ಪಿಗೆ ಕೇಳೋ ಮಾತೇ ಇರಲಿಲ್ಲ. ಪುಷ್ಪಮಾಲಾ ಅದೇ ಚೌಕಗಳ ಮುಂದೆ ನಿಂತಿದ್ದಾರೆ, ಆದರೆ ಈ ಸಲ ಪರದೆ ಕಟ್ಟಿಸಿದ್ದು ಅವರೇ.