ಸೈನಿಕ ವಿದ್ಯಾರ್ಥಿಯ ಉಂಗುರ

ಮುದ್ರೆಯುಂಗುರವನ್ನು ಕಳೆದುಕೊಂಡು ಶಕುಂತಲೆಯು ಪಟ್ಟ ಪಾಡನ್ನೂ, ರಾಮನ ಉಂಗುರವನ್ನು ಕಂಡು ಚೂಡಾಮಣಿಯನ್ನು ಪ್ರತಿಯಾಗಿ ಕಳುಹಿದ ಸೀತೆಯ ವೃತ್ತಾಂತವನ್ನೂ ಅರಿಯದ ಮನೆ ನಮ್ಮಲ್ಲಿರಲಾರದು. ಅಗಲಿದವರ ನಡುವೆ ಒಂದು ಸಣ್ಣ ಕುರುಹು ಎಷ್ಟು ಭಾರವನ್ನು ಹೊರಬಲ್ಲುದೆಂಬುದು ಇವುಗಳಿಂದ ವಿದಿತವಾಗುವುದು. ಹತ್ತೊಂಬತ್ತನೆಯ ಶತಮಾನದ ಅಮೇರಿಕದಲ್ಲಿ ನಡೆದ ಅಂಥದೇ ಒಂದು ಸಂಗತಿಯನ್ನು ಇಲ್ಲಿ ವಾಚಕರ ಮುಂದಿಡುವೆವು.

ಹಡ್ಸನ್ ನದಿಯ ದಡದ ಮೇಲೆ 1802ರಲ್ಲಿ ಸ್ಥಾಪಿತವಾದ ವೆಸ್ಟ್ ಪಾಯಿಂಟ್ ಸೈನಿಕ ವಿದ್ಯಾಲಯದಲ್ಲಿ ಓದುವ ತರುಣರಿಗೆ ವಿವಾಹವು ನಿಷಿದ್ಧವಾಗಿದ್ದಿತು. ಕೈಯಲ್ಲಿ ಹಣವೂ ಇರುತ್ತಿರಲಿಲ್ಲ. ಅವರ ಬೂದುಬಣ್ಣದ ಕೋಟಿನ ಮೇಲೆ ಸಾಲುಸಾಲಾಗಿ ಹೊಳೆಯುವ ಗುಂಡಿಗಳಿದ್ದುವು. ಅವುಗಳಲ್ಲೊಂದನ್ನು ಕಿತ್ತು ಮನಮೆಚ್ಚಿದ ಕನ್ಯೆಗೆ ಕೊಡುವುದು ಆ ಕಾಲದಲ್ಲಿ ವಾಡಿಕೆಯಾಯಿತು. ಇದಲ್ಲದೆ, 1835ರಿಂದ ಒಂದೊಂದು ತಂಡದ ವಿದ್ಯಾರ್ಥಿಗಳೂ ತಮ್ಮ ತಂಡದ ಗುರುತಾಗಿ ಉಂಗುರವನ್ನು ಮಾಡಿಸಿಕೊಳ್ಳುವ ಪದ್ಧತಿಯೂ ಅಲ್ಲಿ ಮೊದಲಾಯಿತು.

ಅಂಥ ಉಂಗುರವನ್ನು ಪಡೆದವರಲ್ಲಿ ಯುಲಿಸಿಸ್ ಗ್ರಾಂಟನೂ ಒಬ್ಬನು. ಮುಂದೆ ಅಂತರ್ಯುದ್ಧದಲ್ಲಿ ಜಯಶಾಲಿಯಾಗಿ, 1869ರಿಂದ 1877ರವರೆಗೆ ರಾಷ್ಟ್ರಾಧ್ಯಕ್ಷನಾಗಿದ್ದ ಈತನು 1839ರಲ್ಲಿ ವಿದ್ಯಾಲಯವನ್ನು ಸೇರಿ, 1843ರಲ್ಲಿ 39 ಮಂದಿಯಲ್ಲಿ 21ನೆಯವನಾಗಿ ತೇರ್ಗಡೆ ಹೊಂದಿದನು. ಮಿಸ್ಸೂರಿ ಸಂಸ್ಥಾನದ ಸೇಂಟ್ ಲೂಯಿಸ್ ನಗರದ ಬಳಿಯ ದಂಡಿನಲ್ಲಿ ಅವನಿಗೆ ಕೆಲಸವಾಯಿತು. ಸಹಪಾಠಿಯಾದ ಫ್ರೆಡ್ ಡೆಂಟನ ಮನೆ, ವೈಟ್ ಹೇವನ್ ಎಂಬುದು, ಅಲ್ಲಿಗೆ ಸಮೀಪದಲ್ಲಿಯೇ ಇದ್ದಿತು. 1844ರಲ್ಲಿ ಗೆಳೆಯನ ತಂಗಿ ಜೂಲಿಯಳ ಪರಿಚಯವಾಗಲು, ಗ್ರಾಂಟನ ಕುದುರೆಯು ಬೇರೆ ದಾರಿಯನ್ನು ಮರೆತಂತಾಯಿತು. ಅವಳು ಸಾಕಿದ ಕೆನೇರಿ ಹಕ್ಕಿಯು ಸತ್ತಾಗ ಅವನು ಅದಕ್ಕೊಂದು ಪುಟ್ಟ ಪೆಟ್ಟಿಗೆಯನ್ನು ಮಾಡಿ, ಹಳದಿ ಬಣ್ಣವನ್ನು ಬಳಿದು, ಜತೆಯ ಅಧಿಕಾರಿಗಳನ್ನು ಕೂಡಿಸಿಕೊಂಡು ಮಣ್ಣುಮಾಡಿದನು. ಉಂಗುರವನ್ನು ಕೊಡಬಂದಾಗ ಮಾತ್ರ ಜೂಲಿಯಳು, ತಾಯಿ ಒಪ್ಪಲಾರಳೆಂದು ಹೇಳಿ ತೆಗೆದುಕೊಳ್ಳಲಿಲ್ಲ.

ಅಷ್ಟರಲ್ಲಿ ಪಟಾಲಮು ಲೂಸಿಯಾನಾ ಪ್ರಾಂತಕ್ಕೆ ಹೊರಡಬೇಕೆಂದು ಆಜ್ಞೆಯಾಯಿತು. ಗ್ರಾಂಟನು ರಜೆಯಿಂದ ಹಿಂದಿರುಗಿದವನೇ ವೈಟ್ ಹೇವನ್ನಿನ ಕಡೆಗೆ ಧಾವಿಸಿದನು. ದಾರಿಯಲ್ಲಿ ಗ್ರಾವೋಯ್ ಹಳ್ಳವು ತುಂಬಿ ಹರಿಯುತ್ತಿರಲು, ಕುದುರೆಯನ್ನು ಈಜಿಸಿ ದಾಟಿ, ತೊಯ್ದ ಬಟ್ಟೆಯನ್ನು ಕಳಚಿ, ಅವಳ ಅಣ್ಣನ ಉಡುಪನ್ನು ಎರವಲು ತೊಟ್ಟು, ತನ್ನ ಮನದ ಮಾತನ್ನು ಅವಳಿಗೆ ತಿಳಿಸಿದನು. ಈ ಸಾರಿ ಉಂಗುರವನ್ನು ಅವಳು ಸ್ವೀಕರಿಸಿದಳು. ಆಮೇಲಿನ ನಾಲ್ಕು ವರ್ಷಗಳಲ್ಲಿ ಅವರಿಬ್ಬರೂ ಕೂಡಿದುದು ಒಂದೇ ಸಲ, 1845ರಲ್ಲಿ.

ಮಿಕ್ಕ ಕಾಲಕ್ಕೆಲ್ಲ ಪತ್ರಗಳೇ ಆಧಾರ. 1844ರ ಒಂದು ಪತ್ರದಲ್ಲಿ ಗ್ರಾಂಟನು ಕೆಲವು ಸಾಲುಗಳನ್ನು ಬರಿದಾಗಿ ಬಿಟ್ಟು, ತಾನು ಭಾವಿಸಿದುದನ್ನು ಅವಳು ಅಲ್ಲಿ ಓದಿಕೊಳ್ಳಬೇಕೆಂದು ಕೇಳಿಕೊಂಡನು. 1846ರಲ್ಲಿ ಮೆಕ್ಸಿಕೋ ಯುದ್ಧವು ಮೊದಲಾದ ಮೇಲೆ, ಅವಳು ಕಳುಹಿದ ಎರಡು ಹೂಗಳು ಕೈಸೇರಿದುವೆಂದೂ, ಕಾಗದವನ್ನು ಬಿಚ್ಚುತ್ತಲೇ ಗಾಳಿಯು ಅವನ್ನು ಹಾರಿಸಿಕೊಂಡು ಹೋಯಿತೆಂದೂ, ರಿಯೋ ಗ್ರಾಂಡೆ ನದಿಯ ದಡದಿಂದ ಒಂದು ಕಾಡುಹೂವನ್ನು ಕಿತ್ತು ಕಳುಹುವೆನೆಂದೂ ಬರೆದನು. 1848ರ ಆಗಸ್ಟ್ 22ರಲ್ಲಿ ವಿವಾಹವು ನೆರವೇರಿತು.

ಆ ಎರಡು ಹೂಗಳ ಗತಿಯೇ ಜೂಲಿಯಳ ಪತ್ರಗಳಿಗೂ ಒದಗಿತು. ಅವನು ಬರೆದುವುಗಳನ್ನು ಅವಳು ಜೋಪಾನಮಾಡಿದುದರಿಂದ ಅವು ವಾಷಿಂಗ್ಟನ್ನಿನ ರಾಷ್ಟ್ರೀಯ ಗ್ರಂಥಭಂಡಾರದಲ್ಲಿರುವುವು. ಡೇರೆಯಿಂದ ಡೇರೆಗೆ ಅಲೆದವನ ಬಳಿ ಸೇರಿದ ಅವಳ ಪ್ರಣಯಕಾಲದ ಉತ್ತರಗಳು ಉಳಿದುಬರಲಿಲ್ಲ. ಆದರೂ ಅವಳು ಮೂಕಳಾಗಲಿಲ್ಲ. 1885ರಲ್ಲಿ ಪತಿಯು ತೀರಿಕೊಂಡ ಮೇಲೆ ತನ್ನ ಸ್ಮೃತಿಗಳನ್ನು ಬರೆದಿಟ್ಟಳು. ನಿರಾಕರಿಸಿದ ಉಂಗುರದ ಮಾತೂ ಹಕ್ಕಿಯ ಮಾತೂ ಅವುಗಳಿಂದಲೇ ತಿಳಿದುಬಂದುವು. ಅವಳು 1902ರಲ್ಲಿ ಮೃತಳಾದಳು. ಆ ಗ್ರಂಥವು ಅಚ್ಚಾದುದು 1975ರಲ್ಲಿ.

ಆದರೆ ವೈಟ್ ಹೇವನ್ನಿನ ಕಥೆಯು ಇಷ್ಟಕ್ಕೇ ಮುಗಿಯದು. ಅಲ್ಲಿನ ಹೊಲವನ್ನು ಉತ್ತವರು, ಅಡಿಗೆಯನ್ನು ಮಾಡಿದವರು ಗುಲಾಮರು; 1850ರ ಸುಮಾರಿಗೆ ಅವರು 30 ಮಂದಿಯಷ್ಟಿದ್ದರು. ಗುಲಾಮಗಿರಿಯನ್ನು ದ್ವೇಷಿಸುತ್ತಿದ್ದ ಗ್ರಾಂಟನ ತಂದೆತಾಯಿಗಳು ಮಗನ ಮದುವೆಗೇ ಬರಲಿಲ್ಲ. ಗುಲಾಮರ ಮದುವೆಗೆ ಕಾನೂನಿನ ಮನ್ನಣೆಯಿರಲಿಲ್ಲ. ಗಂಡನನ್ನೊಂದು ಕಡೆ, ಹೆಂಡತಿಯನ್ನೊಂದು ಕಡೆ ಮಾರಬಹುದಾಗಿದ್ದಿತು. ಗ್ರಾಂಟನ ಕಾಗದಗಳು ಆ ಮನೆಗೆ ಬರುತ್ತಿದ್ದ ಕಾಲದಲ್ಲಿಯೇ, 1847ರಲ್ಲಿ, ಕರಿಯ ಜನರಿಗೆ ಓದುಬರಹವನ್ನು ಕಲಿಸಕೂಡದೆಂದು ಮಿಸ್ಸೂರಿ ಸಂಸ್ಥಾನವು ಕಾನೂನನ್ನು ಮಾಡಿತು. ಒಂದೇ ಸೂರಿನ ಕೆಳಗೆ ಒಬ್ಬಳು ಬರಿಯ ಸಾಲುಗಳಲ್ಲಿಯೂ ಪ್ರೀತಿಯನ್ನು ಓದುತ್ತಿದ್ದಳು. ಅವಳಿಗೆ ಊಳಿಗ ಮಾಡಿದವಳಿಗೆ ಬರೆದ ಸಾಲನ್ನೂ ಓದುವ ಅಧಿಕಾರವಿರಲಿಲ್ಲ. ಆ ಸಂಸ್ಥಾನದಲ್ಲಿ ಗುಲಾಮಗಿರಿಯು ತೊಲಗಿದುದು 1865ರ ಜನವರಿಯಲ್ಲಿ.

ಆದಕಾರಣ, ಹಳೆಯ ಪೆಟ್ಟಿಗೆಯಲ್ಲಿ ದೊರೆತ ಉಂಗುರವನ್ನೋ ಕಾಗದದ ಕಟ್ಟನ್ನೋ ಮೆಚ್ಚುವಾಗ, ಇಟ್ಟುಕೊಳ್ಳಲು ಪೆಟ್ಟಿಗೆಯೇ ಇಲ್ಲದಿದ್ದವರನ್ನೂ ಚರಿತ್ರಕಾರನು ನೆನೆಯಬೇಕಾಗಿದೆ. ಅವರೂ ಅಗಲಿದರು, ಅವರೂ ಕಾದರು. ನಮ್ಮ ನಮ್ಮ ಮನೆಗಳಲ್ಲಿ ಅಜ್ಜಿಯಂದಿರು ಗಂಟುಕಟ್ಟಿ ಇಟ್ಟಿರುವ ಕಾಗದಗಳನ್ನು ಕಸವೆಂದು ಹೊರಗೆಸೆಯುವ ಮೊದಲು ಒಮ್ಮೆ ಬಿಚ್ಚಿ ನೋಡುವುದು ಲೇಸು. ಬಿಚ್ಚುವಾಗ ಗಾಳಿಗೆ ಬಾಗಿಲು ಮುಚ್ಚಿರಲಿ.